ಇಬ್ಬರ ದೂರ ಪ್ರಯಾಣಕ್ಕೆ ಸೆಕೆಂಡ್ ಹ್ಯಾಂಡ್ ಬೈಕ್: ಹಿಂದಿನ ಆಸನವನ್ನು ಮೊದಲು ನೋಡಿ

ವಾರಾಂತ್ಯ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಬೈಕ್ ಏರಿ ಮಲೆನಾಡು, ಕೊಡಗು, ಕರಾವಳಿಗಳತ್ತ ಹೊರಡುವ ಜೋಡಿಗಳು ಈಗ ಅಪರೂಪವೇನಲ್ಲ. ದೂರ ಪ್ರಯಾಣಕ್ಕೆಂದೇ ಹೊಸ ಬೈಕ್ ಕೊಳ್ಳುವುದು ಎಲ್ಲರ ಕೈಗೆ ಎಟುಕದ ಮಾತಾದ್ದರಿಂದ ಸೆಕೆಂಡ್ ಹ್ಯಾಂಡ್ ಬೈಕಿನತ್ತ ಗಮನ ಹರಿಯುವುದು ಸಹಜ. ಆದರೆ ಖರೀದಿಯ ಹೊತ್ತಿನಲ್ಲಿ ನಡೆಯುವ ಪರೀಕ್ಷೆಯೆಲ್ಲ ಓಡಿಸುವವರ ದೃಷ್ಟಿಯದ್ದು. ಹಿಂದೆ ಕುಳಿತು ಮುನ್ನೂರು ನಾನೂರು ಕಿ.ಮೀ. ಸಾಗಬೇಕಾದವರ ಅನುಕೂಲ, ಸುರಕ್ಷತೆ ಮತ್ತು ಅವರಿಗೆ ದೊರೆಯುವ ವಿಮಾ ರಕ್ಷಣೆಯನ್ನು ಕೇಳುವವರು ಕಡಿಮೆ. ಒಬ್ಬರಿಗೆ ಚೆನ್ನಾಗಿರುವ ಬೈಕ್ ಇಬ್ಬರಿಗೂ ಚೆನ್ನಾಗಿರಬೇಕೆಂದಿಲ್ಲ.

ಭಾರದ ಲೆಕ್ಕ

75 ಕಿಲೋ ತೂಕದ ಸವಾರ, 65 ಕಿಲೋ ತೂಕದ ಹಿಂಬದಿ ಸವಾರ, 20 ಕಿಲೋ ಸಾಮಾನು ಎಂದಿಟ್ಟುಕೊಂಡರೆ ಒಟ್ಟು 160 ಕಿಲೋ ಆಗುತ್ತದೆ. 150-160 ಸಿಸಿ ವರ್ಗದ ಅನೇಕ ಬೈಕುಗಳ ಸ್ವಂತ ತೂಕ 140 ಕಿಲೋ ಆಸುಪಾಸಿನಲ್ಲಿರುತ್ತದೆ. ಅಂದರೆ ಬೈಕು ತನಗಿಂತ ಹೆಚ್ಚಿನ ಭಾರವನ್ನು ಹೊರಬೇಕಾಗುತ್ತದೆ. 195 ಕಿಲೋದಷ್ಟು ತೂಗುವ 350 ಸಿಸಿ ಬೈಕಿನ ಮೇಲೆ ಇದೇ ಹೊರೆಯ ಪ್ರಭಾವ ಅಷ್ಟು ತೀವ್ರವಾಗಿರುವುದಿಲ್ಲ.

ಹಿಂಬದಿ ಸವಾರರ ಮತ್ತು ಸಾಮಾನಿನ ತೂಕದ ಬಹುಪಾಲು ಹಿಂಚಕ್ರದ ಮೇಲೆ ಬೀಳುತ್ತದೆ. ಮುಂಚಕ್ರ ಹಗುರವಾಗಿ ಹ್ಯಾಂಡಲ್ ಹಿಡಿತ ಸಡಿಲವಾದಂತೆ ಭಾಸವಾಗುತ್ತದೆ. ಹೆಡ್‌ಲೈಟ್ ಬೆಳಕು ಮೇಲಕ್ಕೆ ಹೋಗಿ ಎದುರಿನವರ ಕಣ್ಣು ಕುಕ್ಕುತ್ತದೆ. ಆದ್ದರಿಂದ ಗರಿಷ್ಠ ಎಷ್ಟು ಭಾರಕ್ಕೆ ಬೈಕನ್ನು ವಿನ್ಯಾಸಗೊಳಿಸಲಾಗಿದೆ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಮೊದಲ ಕೆಲಸ.

ಎಂಜಿನ್: ವೇಗಕ್ಕಿಂತ ಎಳೆತ ಮುಖ್ಯ

ಇಬ್ಬರನ್ನು ಹೊತ್ತು ಘಟ್ಟ ಏರುವಾಗ, ಲಾರಿಯೊಂದನ್ನು ಹಿಂದಿಕ್ಕುವಾಗ ಬೇಕಾಗುವುದು ಕಡಿಮೆ ವೇಗದಲ್ಲೂ ದೊರೆಯುವ ಎಳೆತ. ಗರಿಷ್ಠ ವೇಗದ ಅಂಕಿ ಇಲ್ಲಿ ಉಪಯೋಗಕ್ಕೆ ಬಾರದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನೇ ನಿಷೇಧಿಸಲಾಗಿದೆ.

150-160 ಸಿಸಿ ಬೈಕುಗಳು ವರ್ಷಕ್ಕೊಂದೆರಡು ಬಾರಿ ನಿಧಾನವಾಗಿ ಸಾಗುವವರಿಗೆ ಸಾಕು. ಪದೇ ಪದೇ ಹೊರಡುವವರಿಗೆ 220ರಿಂದ 400 ಸಿಸಿ ವರ್ಗ ಸೂಕ್ತ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್, ಥಂಡರ್‌ಬರ್ಡ್, ಮೀಟಿಯರ್, ಹಿಮಾಲಯನ್, ಬಜಾಜ್ ಅವೆಂಜರ್, ಡೊಮಿನಾರ್, ಹೋಂಡಾ ಸಿಬಿ350 ಮಾದರಿಗಳು ಬಳಸಿದ ಬೈಕುಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕೆಟಿಎಂ 390 ಡ್ಯೂಕ್‌ನಂತಹ ಬೈಕುಗಳಲ್ಲಿ ಶಕ್ತಿಗೆ ಕೊರತೆಯಿಲ್ಲ. ಆದರೆ ಹಿಂದಿನ ಆಸನ ಎತ್ತರವಾಗಿಯೂ ಕಿರಿದಾಗಿಯೂ ಇರುವುದರಿಂದ ಇಬ್ಬರ ದೂರ ಪ್ರಯಾಣಕ್ಕೆ ಅವು ಹೇಳಿಸಿದ್ದಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗಿನಿಂದ ಈ ವರ್ಗದ ಬೈಕುಗಳಲ್ಲಿ ಇಂಧನ ಇಂಜೆಕ್ಷನ್ ಸಾಮಾನ್ಯವಾಗಿದೆ. ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ಬೈಕುಗಳು ಕೈಕೊಟ್ಟರೆ ಸಣ್ಣ ಊರಿನ ಮೆಕ್ಯಾನಿಕ್ ಕೂಡ ಸರಿಪಡಿಸಬಲ್ಲ ಎಂಬುದು ಅವುಗಳ ಅನುಕೂಲ.

ಆಸನ, ಹಿಡಿಕೆ, ಸೀರೆ ಗಾರ್ಡ್

ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮರೆಮಾಡುವ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಬೈಕಿನ ಅಂದ ಹೆಚ್ಚಿಸುವ ಹುಮ್ಮಸ್ಸಿನಲ್ಲಿ ಹಳೆಯ ಮಾಲೀಕರು ಮೊದಲು ಬಿಚ್ಚಿ ಎಸೆಯುವುದು ಇವುಗಳನ್ನೇ. ಸೀರೆಯ ಸೆರಗು, ಚೂಡಿದಾರದ ದುಪಟ್ಟಾ ಚಕ್ರಕ್ಕೆ ಸಿಲುಕಿ ಸಂಭವಿಸುವ ಅಪಘಾತಗಳ ಭೀಕರತೆ ಬಲ್ಲವರು ಈ ವಿಷಯವನ್ನು ಹಗುರವಾಗಿ ಪರಿಗಣಿಸಲಾರರು. ಇವು ಇಲ್ಲದಿದ್ದರೆ ಮತ್ತೆ ಅಳವಡಿಸುವ ಖರ್ಚನ್ನು ಬೆಲೆಯಿಂದ ಕಳೆದು ಮಾತನಾಡಬೇಕು.

ಹಿಂದೆ ಕುಳಿತಾಗ ಮೊಣಕಾಲು ಅತಿಯಾಗಿ ಮಡಚಬಾರದು. ಪಾದ ಸೈಲೆನ್ಸರ್‌ಗೆ ತಾಗಬಾರದು. ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರುವಂತಹ ಇಳಿಜಾರು ಆಸನ ಬೇಡ. ಒರಗು ಇರುವ ಆಸನ ದೂರದ ದಾರಿಯಲ್ಲಿ ಬೆನ್ನಿಗೆ ಹಿತಕರ. ಒಂದು ಬದಿಗೆ ಕಾಲು ಹಾಕಿ ಕೂರುವ ರೂಢಿ ಹೆದ್ದಾರಿಗೆ ಸಲ್ಲದು. ಎರಡೂ ಬದಿಗೆ ಕಾಲಿಟ್ಟು ಕೂರುವುದೇ ಕ್ಷೇಮ.

ಬ್ರೇಕ್ ಮತ್ತು ಟೈರ್

ಆಗುಂಬೆ ಘಾಟಿಯ 14 ತಿರುವುಗಳನ್ನು ಇಬ್ಬರ ಭಾರದೊಂದಿಗೆ ಇಳಿಯುವಾಗ ಬ್ರೇಕಿನ ನಿಜವಾದ ಸ್ಥಿತಿ ತಿಳಿಯುತ್ತದೆ. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ. ಹಣ ಹೊಂದುವುದಾದರೆ ಅದರ ನಂತರ ತಯಾರಾದ ಬೈಕನ್ನೇ ಆಯ್ದುಕೊಳ್ಳುವುದು ಲೇಸು. ಕೀ ತಿರುಗಿಸಿದಾಗ ಎಬಿಎಸ್ ದೀಪ ಹೊತ್ತಿ, ಬೈಕ್ ಚಲಿಸತೊಡಗಿದ ಮೇಲೆ ಆರಬೇಕು. ದೀಪ ಹೊತ್ತದೇ ಇದ್ದರೆ ದೋಷವನ್ನು ಮುಚ್ಚಿಟ್ಟಿರುವ ಸಾಧ್ಯತೆ ಉಂಟು.

ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆಗಳು ಅದರ ವಯಸ್ಸನ್ನು ಹೇಳುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಎಳೆಗಳು ಸವೆಯದಿದ್ದರೂ ಬದಿಯಲ್ಲಿ ಬಿರುಕು ಬಿಟ್ಟ ಟೈರು ಇಬ್ಬರ ಭಾರಕ್ಕೆ ತಕ್ಕುದಲ್ಲ. ಹಿಂಬದಿ ಸವಾರರಿದ್ದಾಗ ಹಿಂಚಕ್ರಕ್ಕೆ ಹೆಚ್ಚಿನ ಗಾಳಿ ಬೇಕು. ಅದರ ಪ್ರಮಾಣ ಕೈಪಿಡಿಯಲ್ಲಿರುತ್ತದೆ.

ಪರೀಕ್ಷಿಸುವ ಬಗೆ

ಬೈಕ್ ನೋಡಲು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಬೇಕು. ಮುಟ್ಟಿದಾಗ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಮರೆಮಾಚಲು ಮೊದಲೇ ಚಾಲೂ ಮಾಡಿರಬಹುದು. ನಿರಂತರವಾಗಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದು ತಿಳಿಯಬೇಕು. ಮುಂದಿನ ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಪಸೆ ಇದ್ದರೆ ಆಯಿಲ್ ಸೀಲ್ ಹೋಗಿದೆ. ಮುಂಚಕ್ರವನ್ನು ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವೆ ಕಚ್ಚಿದಂತಾದರೆ ಕೋನ್ ಸೆಟ್ ಬದಲಿಸಬೇಕಾಗುತ್ತದೆ.

ಹಿಂದಿನ ಆಸನವನ್ನು ಬಲವಾಗಿ ಒತ್ತಿ ಬಿಟ್ಟಾಗ ಬೈಕ್ ಒಮ್ಮೆ ಮೇಲೆದ್ದು ನೆಲೆ ನಿಲ್ಲಬೇಕು. ಕುಣಿಯುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಕೆಲಸ ಮುಗಿದಿದೆ. ಹಿಂದೆ ಭಾರಿ ಸಾಮಾನು ಹೊತ್ತು ಪ್ರವಾಸ ಮಾಡಿದ ಬೈಕುಗಳಲ್ಲಿ ಆಸನದ ಕೆಳಗಿನ ಚೌಕಟ್ಟಿನ ಬೆಸುಗೆಗಳು ಬಿರುಕು ಬಿಟ್ಟಿರಬಹುದು. ಆಸನ ತೆಗೆಸಿ ಇದನ್ನು ನೋಡುವುದು ಅಗತ್ಯ. ಮೀಟರಿನ ಅಂಕಿಯನ್ನು ಮಾತ್ರ ನಂಬದೆ ಸರ್ವೀಸ್ ಪುಸ್ತಕ, ಫುಟ್‌ರೆಸ್ಟ್ ರಬ್ಬರಿನ ಸವೆತದೊಂದಿಗೆ ತಾಳೆ ನೋಡಬೇಕು.

ದಾಖಲೆಗಳು

ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್‌ಸಿಯೊಂದಿಗೆ ಹೊಂದಬೇಕು. ಸಾಲ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಹೊರರಾಜ್ಯದ ಬೈಕಾದರೆ ಅಲ್ಲಿನ ಆರ್‌ಟಿಒ ನಿರಾಕ್ಷೇಪಣಾ ಪತ್ರದ ಜೊತೆಗೆ ಕರ್ನಾಟಕದ ಆಜೀವ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಾಕಿ ಇರುವ ಸಂಚಾರ ದಂಡಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಖರೀದಿದಾರರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು.

ವಿಮೆ: ಹಿಂದೆ ಕುಳಿತವರಿಗೆ ಯಾರು ಹೊಣೆ?

ಬಹಳಷ್ಟು ಖರೀದಿದಾರರು ಎಡವುವುದು ಇಲ್ಲಿಯೇ. ಕಾನೂನು ಕಡ್ಡಾಯಗೊಳಿಸಿರುವುದು ಮೂರನೇ ವ್ಯಕ್ತಿ ವಿಮೆಯನ್ನು. ಅಷ್ಟು ಮಾತ್ರ ಇರುವ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತಿದೆ. ಎದುರಿನ ವಾಹನದ ತಪ್ಪಿದ್ದರೆ ಅದರ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ಮಳೆಯಲ್ಲಿ ಬೈಕ್ ತಾನಾಗಿಯೇ ಜಾರಿ ಬಿದ್ದು ಹಿಂದಿದ್ದವರಿಗೆ ಪೆಟ್ಟಾದರೆ ಆ ಪಾಲಿಸಿ ನೆರವಿಗೆ ಬಾರದು.

ಸಮಗ್ರ, ಅಂದರೆ ಪ್ಯಾಕೇಜ್ ಪಾಲಿಸಿಯಲ್ಲಿ ಹಿಂಬದಿ ಸವಾರರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. 2018ರ ಸೆಪ್ಟೆಂಬರ್ ನಂತರ ಕೊಂಡ ಬೈಕುಗಳಿಗೆ ಮೊದಲ ಐದು ವರ್ಷಗಳ ಮೂರನೇ ವ್ಯಕ್ತಿ ವಿಮೆ ಇರುತ್ತದೆ. ಬೈಕಿನ ಸ್ವಂತ ಹಾನಿಯ ರಕ್ಷಣೆ ಮಾತ್ರ ಒಂದೇ ವರ್ಷಕ್ಕೆ ಮುಗಿದು ಹೋಗಿರಬಹುದು. 'ಇನ್ನೂ ಇನ್ಶೂರೆನ್ಸ್ ಇದೆ' ಎಂಬ ಮಾರಾಟಗಾರರ ಮಾತು ಅರ್ಧಸತ್ಯವಾಗುವುದು ಹೀಗೆ. 15 ಲಕ್ಷ ರೂಪಾಯಿಗಳ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯೂ ಓಡಿಸುವ ಮಾಲೀಕರಿಗಷ್ಟೇ ಸೀಮಿತ. ಹಿಂಬದಿ ಸವಾರರಿಗೆ ಪ್ರತ್ಯೇಕ ಕಂತು ಕಟ್ಟಿ ರಕ್ಷಣೆ ಪಡೆಯಬಹುದು. ಬೈಕ್ ಕೊಂಡ 14 ದಿನಗಳೊಳಗೆ ಪಾಲಿಸಿಯನ್ನು ಹೆಸರಿಗೆ ವರ್ಗಾಯಿಸಲು ಕೋರಿ, ಹಿಂಬದಿ ಸವಾರರು ಅದರಲ್ಲಿ ಸೇರಿದ್ದಾರೆಯೇ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯುವುದು ಉಚಿತ.

ಇಬ್ಬರೂ ಕುಳಿತು ನೋಡಿ

ಮುಂಗಡ ಕೊಡುವ ಮುನ್ನ ಇಬ್ಬರೂ ಕುಳಿತು ಕನಿಷ್ಠ 20 ಕಿ.ಮೀ. ಓಡಿಸಿ ನೋಡಬೇಕು. ಆ ದಾರಿಯಲ್ಲಿ ಒಂದು ಏರು, ಒಂದಿಷ್ಟು ಗುಂಡಿ, ಕೆಲವು ಉಬ್ಬುಗಳು ಇರಲಿ. ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಲೇಬೇಕು. ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಅದು ಕಡ್ಡಾಯ. ಟೈರು, ಚೈನ್, ಬ್ರೇಕ್ ಪ್ಯಾಡ್, ಆಯಿಲ್ ಬದಲಾವಣೆಗೆ ಒಂದಿಷ್ಟು ಹಣವನ್ನು ಬೇರೆಯಾಗಿಯೇ ತೆಗೆದಿಡಬೇಕು. ಇಳಿದ ಮೇಲೆ ಹಿಂದೆ ಕುಳಿತವರು ಬೇಡವೆಂದರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಮತ್ತೊಂದು ಬೈಕ್ ಹುಡುಕುವುದೇ ಜಾಣತನ.