ಗಂಟಿಲ್ಲದ ಹೊಲಿಗೆ: ಕ್ರಾಸ್ ಸ್ಟಿಚ್‌ಗೆ ದಾರ ಹಿಡಿಯೋದು ಹಿಂಗ

ಕೋಟನೂರದಿಂದ ಮಾತಾಡ್ಲಿಕತ್ತೀನಿ. ನಾನು ಮೊದಲ ಸಲ ಹಾಕಿದ ಕ್ರಾಸ್ ಸ್ಟಿಚ್ ಹೂವು ಒಮ್ಮೆ ತೊಳೆಯೋದ್ರಾಗ ಬಿಚ್ಚಿಹೋಯ್ತು. ಹಿಂದೆ ಹಾಕಿದ್ದ ಗಂಟು ಬಟ್ಟೆಯ ತೂತಿನಿಂದ ಜಾರಿತ್ತು.

ಧಾರವಾಡದ ಕಸೂತಿಯಾಗ ಇದೇ ಅಡ್ಡ ಹೊಲಿಗೆಗೆ ‘ಮೆಂತೆ’ ಅಂತಾರ. ಕಸೂತಿಯಾಗ ಗಂಟೇ ಹಾಕೋದಿಲ್ಲ. ನಾವೂ ಹಂಗೇ ಮಾಡೋಣ.

ಲಡಿಯ ದಾರದಾಗ 6 ಎಳೆ ಇರ್ತಾವ. ಒಂದು ಮೀಟರ್ ಕತ್ತರಿಸಿ, ಒಂದೇ ಎಳೆಯನ್ನ ಮೆಲ್ಲಗೆ ಬಿಡಿಸ್ರಿ. ಎರಡು ಕೂಡೇ ಎಳೆದ್ರೆ ಸಿಕ್ಕಾಗ್ತದ. ಬಿಡಿಸಿದ ಎಳೆಯನ್ನ ನಡುವೆ ಮಡಚಿ, ಎರಡೂ ತುದಿ ಸೂಜಿಗೆ ಪೋಣಿಸ್ರಿ. 14 ಕೌಂಟ್ ಆಯ್ಡಾ ಬಟ್ಟೆಗೆ ಈ ಜೋಡಿ ಎಳೆ ಸಾಕು.

ಸೂಜಿ ಕೆಳಗಿಂದ ಮೇಲೆ ತರ್ರಿ; ಮಡಚಿದ ಕುಣಿಕೆ ಹಿಂದೆ ಸ್ವಲ್ಪ ಉಳೀಲಿ. ಮೊದಲ ಓರೆ ಹೊಲಿಗೆ ಹಾಕಿ ಸೂಜಿ ಕೆಳಗಿಳಿದಾಗ, ಆ ಕುಣಿಕೆಯೊಳಗೆ ತೂರಿಸಿ ಎಳೀರಿ. ದಾರ ಗಟ್ಟಿ ಕೂಡ್ತದ.

ದಾರ ಹುರಿಗೊಂಡ್ರೆ ಸೂಜಿ ಜೋತುಬಿಡ್ರಿ, ತಾನೇ ಬಿಚ್ಚಿಕೊಳ್ತದ. ಮುಗಿಸುವಾಗ ಹಿಂದಿನ 4 ಹೊಲಿಗೆಗಳ ಕೆಳಗೆ ತೂರಿಸಿ ಕತ್ತರಿಸ್ರಿ.

ನಾನು ಬಿ.ಕಾಂ, ಲೆಕ್ಕ ಬಿಡೋದಿಲ್ಲ: 8 ಮೀಟರ್ ಲಡಿ ಅಂದ್ರೆ 48 ಮೀಟರ್ ಎಳೆ. ಸಿಕ್ಕಾಗದಿದ್ರೆ ಅಷ್ಟೂ ನಿಮ್ಮದೇ.