ಎತ್ತರಿಸಿದ ಪಿಕಪ್ಪು, ಕುಲುಕುವ ಸವಾರಿ: ತಪ್ಪು ಎಲ್ಲಿದೆ?

ಕಳೆದ ದಸರಾ ರಜೆಯಲ್ಲಿ ನಾವು ನಾಲ್ಕು ಜನ ಸಕಲೇಶಪುರದ ಹತ್ತಿರ ಗೆಳೆಯನ ಊರಿಗೆ ಹೋಗಿದ್ದೆವು. ಅವನ ದೊಡ್ಡಪ್ಪನ ಪಿಕಪ್ಪಿಗೆ ಹೊಟ್ಟೆ ಕಲ್ಲಿಗೆ ತಾಗ್ತಿತ್ತು ಅಂತ ಎರಡು ಇಂಚು ಲಿಫ್ಟ್ ಮಾಡಿಸಿದ್ದರು. ಕಲ್ಲು ತಾಗೋದು ನಿಂತಿತು, ಅದರ ಜೊತೆ ಅಜ್ಜಿ ಗಾಡಿ ಹತ್ತೋದೂ ನಿಂತಿತು. ಬೆನ್ನುನೋವಿಗೆ ತಿಂಗಳಿಗೊಮ್ಮೆ ಹಾಸನದ ಡಾಕ್ಟರ ಹತ್ತಿರ ಹೋಗಲೇಬೇಕು. "ಆಸ್ಪತ್ರೆ ಮುಟ್ಟೋ ಹೊತ್ತಿಗೆ ಇನ್ನೊಂದು ನೋವು ಬಂದಿರುತ್ತೆ ಕಣ್ರೋ" ಅಂತ ಅವರ ತಕರಾರು. "ನೀವೆಲ್ಲ ಇಂಜಿನಿಯರಿಂಗ್ ಓದ್ತೀರಲ್ಲ, ನೋಡಿ ಸ್ವಲ್ಪ" ಅಂದರು ದೊಡ್ಡಪ್ಪ. ಮರ್ಯಾದೆ ಪ್ರಶ್ನೆ! ನೋಡಿದೆವು.

ಮೊದಲು ಲೆಕ್ಕ

ವೈಬ್ರೇಷನ್ಸ್ ಕ್ಲಾಸಿನಲ್ಲಿ ಕಲಿತದ್ದು ನೆನಪಿದೆಯಾ? ನ್ಯಾಚುರಲ್ ಫ್ರೀಕ್ವೆನ್ಸಿ ಅಂದರೆ k/m ನ ವರ್ಗಮೂಲವನ್ನು 2π ಯಿಂದ ಭಾಗಿಸಿದ್ದು. 1ರಿಂದ 1.5 ಹರ್ಟ್ಸ್ ಒಳಗಿದ್ದರೆ ಮೈಗೆ ಹಿತ. ಕೂತವರ ದೇಹಕ್ಕೆ ಅತಿ ಹೆಚ್ಚು ಕಾಟ ಕೊಡೋದು 4ರಿಂದ 8 ಹರ್ಟ್ಸ್‌ನ ಮೇಲೆ-ಕೆಳಗಿನ ಕಂಪನ.

ಪಿಕಪ್ಪಿನ ಕಷ್ಟ ಇಲ್ಲೇ ಇದೆ. ಒಂದು ಟನ್ ಹೊರಲಿ ಅಂತ ಹಿಂದಿನ ಲೀಫ್ ಸ್ಪ್ರಿಂಗ್ ಗಟ್ಟಿ ಮಾಡಿರ್ತಾರೆ. ಉದಾಹರಣೆಗೆ, ಹಿಂದಿನ ಎರಡೂ ಸ್ಪ್ರಿಂಗ್ ಸೇರಿ k ಮೀಟರಿಗೆ 1,00,000 ನ್ಯೂಟನ್ ಅಂತಿಟ್ಟುಕೊಳ್ಳಿ. ಅದರ ಮೇಲೆ 1,400 ಕೆಜಿ ಕೂತರೆ ಸುಮಾರು 1.3 ಹರ್ಟ್ಸ್, ಹಾಯಾಗಿದೆ. ಖಾಲಿ ಗಾಡಿಯಲ್ಲಿ 400 ಕೆಜಿ ಮಾತ್ರ ಇದ್ದರೆ ಅದೇ ಸ್ಪ್ರಿಂಗ್ 2.5 ಹರ್ಟ್ಸ್‌ಗೆ ಏರುತ್ತದೆ. ಕಾಫಿ ಮೂಟೆ ಇದ್ದಾಗ ಗಾಡಿ ಸುಮ್ಮನಿದ್ದು, ಅಜ್ಜಿ ಒಬ್ಬರೇ ಕೂತಾಗ ಕುಣಿಯೋದು ಇದಕ್ಕೇ.

ಲಿಫ್ಟ್ ಏನು ಮಾಡಿತು?

ಹಿಂದೆ ಪ್ರತಿ ಬದಿಗೆ ಒಂದೊಂದು ದಪ್ಪ ಪ್ಲೇಟು ಸೇರಿಸಿದ್ದರು. ಲೀಫಿನ ಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಒಂದು ದಪ್ಪ ಪ್ಲೇಟಿನ ಬದಲು ಅರ್ಧ ದಪ್ಪದ ಎರಡು ಹಾಕಿದರೆ ಬಿಗಿತ ಕಾಲು ಭಾಗಕ್ಕೆ ಇಳಿಯುತ್ತೆ. ಇಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ.

ಮುಂದೆ ಕಾಯಿಲ್ ಸ್ಪ್ರಿಂಗ್ ಜೋಡಣೆಯ ಮೇಲೆ ಸ್ಪೇಸರ್ ಇಟ್ಟಿದ್ದರು. ಸ್ಪೇಸರ್ ಸ್ಪ್ರಿಂಗನ್ನು ಗಟ್ಟಿ ಮಾಡೋದಿಲ್ಲ. ಆದರೆ ಚಕ್ರ ಕೆಳಗಿಳಿಯಲು ಇದ್ದ ಜಾಗದಲ್ಲಿ ಎರಡು ಇಂಚನ್ನು ನಿಂತಲ್ಲೇ ತಿಂದುಬಿಡುತ್ತದೆ. ಗುಂಡಿ ಬಂದಾಗ ಚಕ್ರ ಇಳಿಯೋಕೆ ಹೋಗಿ, ಜಾಗ ಮುಗಿದು 'ಠಕ್' ಅಂತ ನಿಲ್ಲುತ್ತೆ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳೂ ಹಳೇ ಉದ್ದದವೇ, ಅವುಗಳದ್ದೂ ಅದೇ ಪಾಡು.

ನಾವು ಮಾಡಿದ್ದು: ಖರ್ಚಿಲ್ಲದ್ದು ಮೊದಲು

ಒಂದು, ಟೈರ್ ಗಾಳಿ. ಪೂರ್ತಿ ಲೋಡಿಗೆ ಹಾಕುವ ಒತ್ತಡವನ್ನೇ ಖಾಲಿ ಓಡಿಸುವಾಗಲೂ ಇಟ್ಟಿದ್ದರು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಖಾಲಿಗೆ ಬೇರೆ, ಲೋಡಿಗೆ ಬೇರೆ ಅಂಕಿ ಕೊಟ್ಟಿದ್ದಾರೆ. ಖಾಲಿಯ ಅಂಕಿಗೆ ಇಳಿಸಿದೆವು.

ಎರಡು, ಬುಷ್. ಇದು ಯಾರೂ ಗಮನಿಸದ ತಪ್ಪು. ಗಾಡಿ ಜಾಕಿ ಮೇಲಿದ್ದು ಚಕ್ರ ನೇತಾಡುವಾಗ ಬೋಲ್ಟ್ ಬಿಗಿ ಮಾಡಿದರೆ, ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತೆ. ಗಾಡಿ ಕೆಳಗಿಳಿಸಿದಾಗಿನಿಂದ ರಬ್ಬರ್ ತಿರುಚಿಕೊಂಡೇ ಇರುತ್ತೆ. ಸವಾರಿ ಗಡುಸಾಗುತ್ತೆ, ಬುಷ್ಷೂ ಬೇಗ ಹರಿಯುತ್ತೆ. ಊರಿನ ಮೆಕ್ಯಾನಿಕ್ ಅಣ್ಣನ ಜೊತೆ ಸೇರಿ ಬೋಲ್ಟ್ ಸಡಿಲಿಸಿ, ನಾಲ್ಕೂ ಚಕ್ರ ನೆಲದ ಮೇಲಿರುವಾಗ ಮತ್ತೆ ಬಿಗಿ ಮಾಡಿದೆವು. ಪ್ಲೇಟುಗಳ ನಡುವಿನ ತುಕ್ಕನ್ನೂ ಉಜ್ಜಿ ತೆಗೆದೆವು. ತುಕ್ಕು ಹಿಡಿದ ಪ್ಲೇಟು ಒಂದರ ಮೇಲೊಂದು ಜಾರೋದಿಲ್ಲ, ಸಣ್ಣ ಉಬ್ಬಿಗೆ ಸ್ಪ್ರಿಂಗ್ ಕೆಲಸವನ್ನೇ ಮಾಡೋದಿಲ್ಲ.

ಮೂರು, ಸೇರಿಸಿದ ಪ್ಲೇಟು ತೆಗೆಸಿದೆವು. "ಮತ್ತೆ ಕಲ್ಲು ತಾಗಲ್ವಾ?" ಅಂದರು ದೊಡ್ಡಪ್ಪ. ಹಿಂದಿನ ಡಿಫರೆನ್ಷಿಯಲ್ ಆಕ್ಸಲ್‌ನಲ್ಲೇ ಇರೋದು. ಲಿಫ್ಟ್ ಎತ್ತೋದು ಚಾಸಿಯನ್ನು ಮಾತ್ರ, ಆಕ್ಸಲನ್ನಲ್ಲ. ಅದು ಏರಬೇಕಾದರೆ ದೊಡ್ಡ ಟೈರೇ ಬೇಕು. ಅವರಿಗೆ ಕಲ್ಲು ತಾಗುತ್ತಿದ್ದುದು ಮುಂದೆ, ಇಂಜಿನ್ ಕೆಳಗಿನ ಗಾರ್ಡಿಗೆ.

ನಾಲ್ಕು, ಖರ್ಚಿನ ಕೆಲಸ: ಮುಂದಿನ ಸ್ಪೇಸರನ್ನು ಒಂದು ಇಂಚಿಗೆ ಇಳಿಸಿ, ಹಿಂದೆ ಸವೆದಿದ್ದ ಶಾಕ್‌ಗಳನ್ನು ಬದಲಿಸಿದ್ದು. ಶಾಕ್ ಗಟ್ಟಿಯಾದಷ್ಟೂ ಒಳ್ಳೇದು ಅನ್ನೋದು ತಪ್ಪು. ಡ್ಯಾಂಪಿಂಗ್ ಅನುಪಾತ 0.2ರಿಂದ 0.4ರ ಒಳಗಿದ್ದರೆ ಆರಾಮ. ಹೆಚ್ಚಾದರೆ ಪ್ರತಿ ಕಲ್ಲೂ ಸೀಟಿಗೆ ಬಡಿಯುತ್ತೆ, ಕಡಿಮೆಯಾದರೆ ಗಾಡಿ ದೋಣಿಯ ಹಾಗೆ ತೂಗುತ್ತೆ.

ಆರಾಮಕ್ಕಿಂತ ದೊಡ್ಡದು

ಕೆಳಗೆ ತೂರಿ ನೋಡಿದಾಗ ಕಂಡ ಇನ್ನೊಂದು ವಿಷಯ ನಮ್ಮನ್ನು ಹೆದರಿಸಿತು. ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತೆ. ಆಕ್ಸಲ್ ಮತ್ತು ಚಾಸಿ ನಡುವಿನ ದೂರ ನೋಡಿ ಅದು ಲೋಡ್ ಎಷ್ಟಿದೆ ಅಂತ ತಿಳಿಯುತ್ತದೆ. ಲಿಫ್ಟ್ ಮಾಡಿದರೆ ದೂರ ಹೆಚ್ಚುತ್ತೆ, ತುಂಬಿದ ಗಾಡಿಯನ್ನೂ ವಾಲ್ವ್ 'ಖಾಲಿ' ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಘಾಟಿ ಇಳಿಯುವಾಗ ಇದು ತಮಾಷೆಯಲ್ಲ. ಲಿಫ್ಟ್ ಮಾಡಿದ ಗ್ಯಾರೇಜಿನವರು ಇದನ್ನು ಮುಟ್ಟಿರಲೇ ಇಲ್ಲ. ಹಿಂದಿನ ಎತ್ತರ ಮೊದಲಿನಂತಾದ ಮೇಲೆ ವಾಲ್ವ್ ಸೆಟ್ಟಿಂಗ್ ಸರಿಯಿದೆಯೇ ಅಂತ ಮೆಕ್ಯಾನಿಕ್ ಅಣ್ಣ ಪರೀಕ್ಷಿಸಿದರು. ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಕೋನವನ್ನೂ ಸರಿಮಾಡಿಸಿದೆವು. ಅಂದಹಾಗೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಗಳನ್ನು ಬದಲಿಸೋದಕ್ಕೆ ಮಿತಿ ಹಾಕಿದೆ. ಲಿಫ್ಟ್ ಯೋಚನೆ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಫೋನಿನಲ್ಲಿ ಫೈಫಾಕ್ಸ್ ಆ್ಯಪ್ ಹಾಕಿ, ಫೋನನ್ನು ಗಾಡಿಯ ನೆಲದ ಮೇಲಿಟ್ಟು ಆಕ್ಸಿಲರೋಮೀಟರ್ ಗ್ರಾಫ್ ತೆಗೆಯಿರಿ. ರಿಪೇರಿಗೆ ಮೊದಲು ಒಂದು, ಆಮೇಲೆ ಒಂದು, ಅದೇ ರಸ್ತೆ, ಅದೇ ವೇಗ.

ಪಿಕಪ್ಪು ಕಾರಾಗಲಿಲ್ಲ, ಆಗೋದೂ ಇಲ್ಲ. ಆದರೆ ಮುಂದಿನ ತಿಂಗಳು ಅಜ್ಜಿ ಅದರಲ್ಲೇ ಹಾಸನಕ್ಕೆ ಹೋಗಿ ಬಂದರು. "ಪರವಾಗಿಲ್ಲ, ಓದಿದ್ದು ಸ್ವಲ್ಪ ತಲೆಗೆ ಹತ್ತಿದೆ" ಅಂದರಂತೆ. ನಮಗೆ ಸಿಕ್ಕ ಗ್ರೇಡುಗಳಲ್ಲಿ ಇದೇ ದೊಡ್ಡದು.