ಝಾಬುವಾದ ಕಪ್ಪು ಕೋಳಿ ಕಡಕನಾಥ

ಮಧ್ಯಪ್ರದೇಶದ ಪಶ್ಚಿಮದ ಅಂಚಿನಲ್ಲಿ, ಗುಜರಾತಿನ ಗಡಿಗೆ ಹೊಂದಿಕೊಂಡ ಝಾಬುವಾ ಮತ್ತು ಆಲಿರಾಜಪುರ ಜಿಲ್ಲೆಗಳಲ್ಲಿಯೂ ನೆರೆಯ ಧಾರ್ ಜಿಲ್ಲೆಯಲ್ಲಿಯೂ ಭಿಲ್ ಮತ್ತು ಭಿಲಾಲ ಸಮುದಾಯಗಳು ತಲೆಮಾರುಗಳಿಂದ ಸಾಕಿಕೊಂಡು ಬಂದಿರುವ ಕಡಕನಾಥ, ಭಾರತದ ದೇಸಿ ಕೋಳಿ ತಳಿಗಳಲ್ಲಿ ಇಂದು ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ಗರಿ, ಜುಟ್ಟು, ಕೊಕ್ಕು ಮತ್ತು ಕಾಲುಗಳಷ್ಟೇ ಅಲ್ಲದೆ ನಾಲಗೆ, ಚರ್ಮ, ಮಾಂಸ, ಎಲುಬು, ಒಳಾಂಗಗಳವರೆಗೂ ಕಪ್ಪು ಹರಡಿರುವುದರಿಂದ ಸ್ಥಳೀಯರು ಇದನ್ನು ಕಪ್ಪು ಮಾಂಸದ ಕೋಳಿ ಎಂಬ ಅರ್ಥದಲ್ಲಿ ‘ಕಾಲಿ ಮಾಸಿ’ ಎಂದು ಕರೆಯುತ್ತಾರೆ. ಸಂಪೂರ್ಣ ಕಪ್ಪು ಗರಿಯದು, ಕಪ್ಪಿನ ಮೇಲೆ ಬೆಳ್ಳನೆಯ ಗೆರೆಗಳಿರುವುದು, ಹೊಂಬಣ್ಣದ ಛಾಯೆ ಇರುವುದು ಎಂದು ಇದರಲ್ಲಿ ಮೂರು ಬಗೆಗಳಿವೆ. ಇದರ ರಕ್ತವೂ ಮೊಟ್ಟೆಯೂ ಕಪ್ಪು ಎಂಬ ಮಾತು ಜನರ ನಡುವೆ ಓಡಾಡುತ್ತಿದೆಯಾದರೂ ಅದು ನಿಜವಲ್ಲ. ರಕ್ತ ಕೆಂಪಾಗಿಯೇ ಇರುತ್ತದೆ, ಮೊಟ್ಟೆಯ ಸಿಪ್ಪೆ ನಸುಗಂದು ಛಾಯೆಯದಾಗಿರುತ್ತದೆ.

ಈ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ, ಅಂದರೆ ಮನುಷ್ಯರ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಅದೇ ವಸ್ತು. ಸಾಮಾನ್ಯ ಕೋಳಿಯ ಭ್ರೂಣದಲ್ಲಿ ಈ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಮುಖ್ಯವಾಗಿ ಗರಿ ಹುಟ್ಟುವ ಭಾಗಗಳಿಗೆ ಹೋಗಿ ನೆಲೆಸಿದರೆ, ಕಡಕನಾಥದಲ್ಲಿ ಆ ಕೋಶಗಳ ಸಂಚಾರಕ್ಕೂ ವೃದ್ಧಿಗೂ ಪ್ರಚೋದನೆ ನೀಡುವ ಎಂಡೋಥೀಲಿನ್-3 ಎಂಬ ವಂಶವಾಹಿಯನ್ನು ಒಳಗೊಂಡ ವರ್ಣತಂತುವಿನ ಭಾಗ ಇಮ್ಮಡಿಯಾಗಿರುವುದರಿಂದ, ಅವು ದೇಹದ ಒಳಪದರಗಳಿಗೂ ನುಗ್ಗಿ ಅಲ್ಲೆಲ್ಲ ಬಣ್ಣ ತುಂಬುತ್ತವೆ. ವಿಜ್ಞಾನಿಗಳು ಫೈಬ್ರೋಮೆಲನೋಸಿಸ್ ಎಂದು ಹೆಸರಿಸಿರುವ ಈ ಲಕ್ಷಣ ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ ತಳಿಗಳಲ್ಲಿಯೂ ಕಂಡುಬರುತ್ತದೆ. ಇದು ಪ್ರಬಲ ಗುಣವಾದ್ದರಿಂದ ಬೇರೆ ಕೋಳಿಯೊಂದಿಗೆ ಬೆರೆತ ಮರಿಯೂ ಬಹುಮಟ್ಟಿಗೆ ಕಪ್ಪಾಗಿಯೇ ಹುಟ್ಟಬಹುದು. ಆದಕಾರಣ ಬಣ್ಣವೊಂದನ್ನೇ ನೋಡಿ ತಳಿಯ ಶುದ್ಧತೆಯನ್ನು ನಿರ್ಧರಿಸುವುದು ಸರಿಯಲ್ಲ. ಈ ಅಂಶ ಮರಿ ಕೊಳ್ಳುವವರಿಗೆ ತುಂಬ ಮುಖ್ಯ.

ಕಡಕನಾಥದ ಗುಣಗಳೆಲ್ಲ ಹಿತ್ತಿಲ ಸಾಕಣೆಗೆ ಒಗ್ಗಿ ರೂಪುಗೊಂಡಿವೆ. ಗುಡ್ಡಗಾಡಿನ ಬಿಸಿಲು ಚಳಿಗಳನ್ನು ತಾಳಿಕೊಂಡು, ಹಗಲೆಲ್ಲ ಕೆದಕಿ ಹುಳಹುಪ್ಪಟೆ, ಕಾಳುಕಡ್ಡಿ, ಸೊಪ್ಪುಗಳನ್ನು ತಾನೇ ಹುಡುಕಿಕೊಂಡು ತಿನ್ನುವ ಈ ಕೋಳಿಗೆ ಕೊಂಡುತಂದ ಆಹಾರದ ಅಗತ್ಯ ಕಡಿಮೆ. ಬೆಳವಣಿಗೆ ಮಾತ್ರ ನಿಧಾನ: ಬ್ರಾಯ್ಲರ್ ಕೋಳಿ ಆರು ವಾರಗಳಲ್ಲಿ 2 ಕಿಲೋ ತೂಗಿದರೆ, ಕಡಕನಾಥ 5 ತಿಂಗಳಿಗೆ ಸುಮಾರು 1 ಕಿಲೋ ಮುಟ್ಟುತ್ತದೆ, ಬಲಿತ ಹುಂಜವೂ ಒಂದೂವರೆ ಕಿಲೋದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಫಾರಂಗಳ ಮೊಟ್ಟೆ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆ ಇಡುವಾಗ ಇದು ಇಡುವುದು 80ರಿಂದ 100 ಮಾತ್ರ. ಅದರ ಮೇಲೆ ಹ್ಯಾಟೆಗೆ ಕಾವಿಗೆ ಕೂರುವ ಸ್ವಭಾವವೂ ಅಷ್ಟಾಗಿ ಇಲ್ಲದಿರುವುದರಿಂದ ಮೊಟ್ಟೆಗಳನ್ನು ಬೇರೆ ನಾಟಿ ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುವುದು ರೂಢಿಯಲ್ಲಿದೆ. ಲೆಕ್ಕಪುಸ್ತಕದಲ್ಲಿ ಇವೆಲ್ಲ ಕೊರತೆಗಳಾಗಿ ಕಂಡರೂ, ಮನೆಯ ಹೆಂಗಸರ ಆರೈಕೆಯಲ್ಲಿ ಹೆಚ್ಚು ಖರ್ಚಿಲ್ಲದೆ ಬೆಳೆದು, ಕಷ್ಟಕಾಲದಲ್ಲಿ ಮಾರಿದರೆ ಕೈಗೆ ನಗದು ಕೊಡುವ ಪಕ್ಷಿಯನ್ನು ಆ ಕುಟುಂಬಗಳು ಬಿಟ್ಟುಕೊಡದಿರುವುದರಲ್ಲಿ ದೊಡ್ಡ ವಿವೇಕವಿದೆ. ದೀಪಾವಳಿಯ ನಂತರ ದೇವಿಗೆ ಈ ಕೋಳಿಯನ್ನು ಬಲಿ ಕೊಡುವ ಪದ್ಧತಿಯೂ ಅಲ್ಲಿದೆ.

ಅಡುಗೆಯಲ್ಲಿಯೂ ಇದೇ ನಿಧಾನ ಬೇಕು. ಓಡಾಡಿ ಬೆಳೆದ ಕೋಳಿಯ ಮಾಂಸ ಬಿಗಿಯಾಗಿ, ಕೊಬ್ಬು ಕಡಿಮೆಯಾಗಿ ಇರುವುದರಿಂದ ಬ್ರಾಯ್ಲರಿಗೆ ಹೊಂದುವ ಜೋರು ಉರಿಯಲ್ಲಿ ಅದು ಒಣಗಿ ನಾರಾಗುತ್ತದೆ. ಸಣ್ಣ ಉರಿಯಲ್ಲಿ, ಮಸಾಲೆಯ ನೀರಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಬಹಳ ಹೊತ್ತು ಬೆಂದಾಗ ಮಾತ್ರ ಎಲುಬಿನ ಸಾರ ಇಳಿದು ಗಾಢವಾದ ರುಚಿ ಕೊಡುತ್ತದೆ. ನಾಟಿ ಕೋಳಿ ಸಾರು ಮಾಡಿ ಬಲ್ಲ ಕನ್ನಡದ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂದ ಮೇಲೂ ತುಂಡುಗಳು ಕಪ್ಪಾಗಿಯೇ ಉಳಿಯುವುದು ಮೊದಲ ಬಾರಿ ಉಣ್ಣುವವರಿಗೆ ಅಳುಕು ತಂದರೂ, ದೊಡ್ಡ ಊರುಗಳ ಹೋಟೆಲುಗಳ ಬಾಣಸಿಗರಿಗೆ ಆ ಬಣ್ಣವೇ ಈಗ ಆಕರ್ಷಣೆಯಾಗಿದೆ.

ಬೇಡಿಕೆ ಏರಿದಂತೆ ಪ್ರಚಾರವೂ ಅಳತೆ ಮೀರಿದೆ. ಮಧುಮೇಹ, ಹೃದ್ರೋಗ, ಪುರುಷರ ದೌರ್ಬಲ್ಯ ಎಲ್ಲಕ್ಕೂ ಕಡಕನಾಥವೇ ಮದ್ದು ಎಂದು ಮಾರುವವರಿದ್ದಾರೆ. ಇದರ ಎದೆಯ ಮಾಂಸದಲ್ಲಿ ಕಾರ್ನೋಸಿನ್ ಎಂಬ, ಕೋಶಗಳನ್ನು ಹಾನಿಯಿಂದ ಕಾಯುವ ಗುಣವುಳ್ಳ ಅಂಶವು ಬ್ರಾಯ್ಲರಿನದಕ್ಕಿಂತ ದುಪ್ಪಟ್ಟಿಗೂ ಹೆಚ್ಚಾಗಿದೆ ಎಂದು ಸಂಶೋಧನೆ ತೋರಿಸಿದೆ. ಆದರೆ ಮಾಂಸದಲ್ಲಿ ಒಂದು ಅಂಶ ಹೆಚ್ಚಿದೆ ಎನ್ನುವುದಕ್ಕೂ ಅದನ್ನು ತಿಂದರೆ ರೋಗ ವಾಸಿಯಾಗುತ್ತದೆ ಎನ್ನುವುದಕ್ಕೂ ನಡುವೆ ಬಹಳ ಅಂತರವಿದೆ. ಕೊಬ್ಬು ಕಡಿಮೆ ಎಂಬ ಹೋಲಿಕೆಯೂ ಹಾಗೆಯೇ: ಚರ್ಮ ತೆಗೆದ ಬ್ರಾಯ್ಲರಿನ ಎದೆಮಾಂಸದಲ್ಲಿಯೂ ಕೊಬ್ಬು ಕಡಿಮೆಯೇ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ರುಚಿಯ ಬಲದ ಮೇಲೆಯೇ ನಿಲ್ಲಬಲ್ಲ ಒಂದು ಉತ್ತಮ ತಳಿಗೆ ಔಷಧಿಯ ವೇಷ ಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ಝಾಬುವಾದ ಒಂದು ಗ್ರಾಮೀಣಾಭಿವೃದ್ಧಿ ಸಂಸ್ಥೆ 2012ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ, ಛತ್ತೀಸಗಢದ ದಂತೇವಾಡದಿಂದಲೂ ಹಕ್ಕು ಕೇಳಿಬಂದ ಚರ್ಚೆಯ ನಂತರ, 2018ರಲ್ಲಿ ‘ಝಾಬುವಾ ಕಡಕನಾಥ ಕಪ್ಪು ಕೋಳಿ ಮಾಂಸ’ಕ್ಕೆ ಭೌಗೋಳಿಕ ಸೂಚಿಕೆ ದೊರೆಯಿತು. ನಿರ್ದಿಷ್ಟ ಪ್ರದೇಶದಲ್ಲಿ ಉತ್ಪಾದಿಸಿದ ಪದಾರ್ಥವಷ್ಟೇ ಆ ಹೆಸರನ್ನು ಬಳಸಬಹುದು ಎಂಬ ಕಾನೂನಿನ ರಕ್ಷಣೆ ಇದು. ಈ ತಳಿಯನ್ನು ಬೇರೆಡೆ ಸಾಕಲು ಇದರಿಂದ ಅಡ್ಡಿಯಿಲ್ಲ, ಕರ್ನಾಟಕದಲ್ಲಿಯೂ ಅನೇಕರು ಸಾಕುತ್ತಿದ್ದಾರೆ; ಆದರೆ ಇಲ್ಲಿ ಬೆಳೆದುದನ್ನು ಝಾಬುವಾದ್ದೆಂದು ಮಾರುವಂತಿಲ್ಲ.

ಬೇರೆಡೆ ಸಾಕಹೊರಟವರಲ್ಲಿ ಎಲ್ಲರಿಗೂ ಒಳಿತಾಗಿಲ್ಲ. ಮರಿಗಳನ್ನು ದುಬಾರಿ ಬೆಲೆಗೆ ಕೊಟ್ಟು, ಬೆಳೆದ ಕೋಳಿಯನ್ನೂ ಮೊಟ್ಟೆಯನ್ನೂ ತಾವೇ ಮರಳಿ ಕೊಳ್ಳುವುದಾಗಿ ನಂಬಿಸಿದ ಯೋಜನೆಯಲ್ಲಿ ಹಣ ಹೂಡಿ ಮೋಸ ಹೋದುದಾಗಿ 2019ರಲ್ಲಿ ಪಶ್ಚಿಮ ಮಹಾರಾಷ್ಟ್ರದ ಬಹಳಷ್ಟು ರೈತರು ದೂರು ಕೊಟ್ಟರು. ಅದಕ್ಕೂ ಕೆಲವು ವರ್ಷಗಳ ಹಿಂದೆ ತಮಿಳುನಾಡಿನಲ್ಲಿ ಇಂತಹದೇ ಮರಳಿ ಕೊಳ್ಳುವ ಭರವಸೆ ನಂಬಿ ಎಮು ಪಕ್ಷಿ ಸಾಕಿ ಹಣ ಕಳೆದುಕೊಂಡವರ ಗತಿಯೇ ಇಲ್ಲಿ ಮರುಕಳಿಸಿತು. ರೋಗದ ವಿಷಯದಲ್ಲಿಯೂ ಎಚ್ಚರ ಬೇಕು. ಬಯಲಲ್ಲಿ ಗಟ್ಟಿಮುಟ್ಟಾಗಿರುವ ಕಡಕನಾಥ, ಕಿಕ್ಕಿರಿದ ಶೆಡ್ಡಿನಲ್ಲಿ ಕೂಡಿಹಾಕಿದಾಗ ನರಗಳನ್ನು ಹಿಡಿದು ಕಾಲು ರೆಕ್ಕೆಗಳ ಸ್ವಾಧೀನ ತಪ್ಪಿಸುವ ಮಾರೆಕ್ಸ್ ಎಂಬ ವೈರಾಣು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ರಾಣಿಖೇತ್ ಎಂಬ ಇನ್ನೊಂದು ವೈರಾಣು ರೋಗದ ಲಸಿಕೆಯನ್ನು ದೇಸಿ ತಳಿಯೆಂದು ಬಿಡುವಂತೆಯೂ ಇಲ್ಲ.

ಸಾಕಲು ಕಡಕನಾಥವೊಂದೇ ಇರುವುದಲ್ಲ: ಕರ್ನಾಟಕ ಮತ್ತು ಆಂಧ್ರಪ್ರದೇಶಗಳಿಗೆ ಸೇರಿದ ಘಾಗಸ್ ಎಂಬ ನಾಟಿ ತಳಿಯೂ ದೇಸಿ ಕೋಳಿ ತಳಿಗಳ ರಾಷ್ಟ್ರೀಯ ಪಟ್ಟಿಯಲ್ಲಿ ಕಡಕನಾಥದ ಜೊತೆಗೇ ಇದೆ, ಆದರೆ ಅದರ ಹೆಸರು ಕೇಳಿದ ಕನ್ನಡಿಗರು ವಿರಳ. ಕೋಳಿ ಸಾಕಲು ಮನಸ್ಸು ಮಾಡಿದವರು ಮರಳಿ ಕೊಳ್ಳುವ ಭರವಸೆಗಳಿಗೆ ಮರುಳಾಗದೆ, ಮೂಲ ಖಚಿತವಿರುವ ಸರ್ಕಾರಿ ಕೇಂದ್ರಗಳಿಂದ ಕೆಲವೇ ಮರಿಗಳನ್ನು ತಂದು, ಓಡಾಡಲು ಜಾಗ ಕೊಟ್ಟು, ಹತ್ತಿರದ ಸಂತೆಯಲ್ಲಿ ಗಿರಾಕಿ ಇದ್ದಾರೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ಪಶುಸಂಗೋಪನೆ ಇಲಾಖೆಯು ಘಾಗಸ್‌ನಂತಹ ಇಲ್ಲಿನ ತಳಿಗಳ ಮರಿಗಳೂ ರೈತರಿಗೆ ಸುಲಭವಾಗಿ ಸಿಗುವಂತೆ ಮಾಡಬೇಕು.